ಸಿಕ್ಕಿಬಿದ್ದದ್ದೆಲ್ಲ ಕಾರಣವಲ್ಲ

ನಮ್ಮ ಕೇರಳದ ಶಾಲೆಗಳ ಕಂಪ್ಯೂಟರ್ ಲ್ಯಾಬಿನಲ್ಲಿ ಮಕ್ಕಳು ಬಳಸುವುದು ಲಿನಕ್ಸ್. ಅದರ ತಿರುಳಾದ ಕರ್ನೆಲ್‌ನಲ್ಲಿ 2019ರಲ್ಲಿ ನಡೆದ ಒಂದು ಸಂಗತಿಯನ್ನು ಐಟಿ ಪಿರಿಯಡ್‌ಗೆ ಬಿಡದೆ ನಾವು ವಿಜ್ಞಾನದ ತರಗತಿಯಲ್ಲೇ ಹೇಳಬೇಕು ಎಂಬುದು ನನ್ನ ಅಭಿಪ್ರಾಯ. ಯಾಕೆಂದು ಹೇಳುತ್ತೇನೆ.

ಡಿಸ್ಕಿನಲ್ಲಿ ಕಡತಗಳನ್ನು ಜೋಡಿಸಿಡುವ ವ್ಯವಸ್ಥೆಗಳಲ್ಲಿ ಇಎಕ್ಸ್‌ಟಿ4 ಒಂದು. ಕರ್ನೆಲ್‌ನ 5.3ನೇ ಆವೃತ್ತಿಗಾಗಿ ಅದರಲ್ಲೊಂದು ಸಣ್ಣ ಸುಧಾರಣೆ ಮಾಡಿದರು: ಬಿಡಿಬಿಡಿಯಾಗಿ ಓದುತ್ತಿದ್ದ ಮಾಹಿತಿಯನ್ನು ಒಟ್ಟುಸೇರಿಸಿ ಓದುವುದು. ಅಂಗಡಿಗೆ ಹತ್ತು ಸಲ ಓಡುವ ಬದಲು ಚೀಟಿ ಬರೆದು ಒಂದೇ ಸಲ ಹೋದ ಹಾಗೆ. ಡಿಸ್ಕಿನ ಓಡಾಟ ಕಡಿಮೆಯಾಯಿತು. ಆದರೆ ಒಬ್ಬ ಬಳಕೆದಾರರ ಕಂಪ್ಯೂಟರ್ ಲಾಗಿನ್ ಪರದೆಗೆ ಬರುವ ಮೊದಲೇ ನಿಂತುಬಿಡತೊಡಗಿತು!

ಸಾವಿರಾರು ಬದಲಾವಣೆಗಳಲ್ಲಿ ದೋಷ ಯಾವುದರಿಂದ ಬಂತು? ಮಧ್ಯದ ಹಂತವೊಂದನ್ನು ಪರೀಕ್ಷಿಸಿ. ಸರಿಯಿದ್ದರೆ ದೋಷ ಅದರ ನಂತರದ್ದು, ಇಲ್ಲದಿದ್ದರೆ ಮೊದಲಿನದು. ಹೀಗೆ ಅರ್ಧರ್ಧ ಮಾಡುತ್ತ ಹೋದರೆ 1,000 ಬದಲಾವಣೆಗಳಿಗೆ ಸುಮಾರು 10 ಪರೀಕ್ಷೆ ಸಾಕು. ಕೊನೆಗೆ ಸಿಕ್ಕಿಬಿದ್ದದ್ದು ಆ ಸುಧಾರಣೆಯೇ.

ಆದರೆ ನಿಜವಾದ ಕಾರಣ ಬೇರೆ ಕಡೆ ಇತ್ತು ನೋಡಿ. ಗುಪ್ತ ಕೀಲಿಗಳಿಗೆ ಯಾರೂ ಊಹಿಸಲಾಗದ ಸಂಖ್ಯೆಗಳು ಬೇಕು. ಡಿಸ್ಕ್, ಕೀಬೋರ್ಡ್‌ಗಳಿಂದ ಸೂಚನೆಗಳು ಬರುವ ಸಮಯದ ಏರುಪೇರಿನಿಂದ ಕರ್ನೆಲ್ ಅವನ್ನು ಪಡೆಯುತ್ತಿತ್ತು. ಡಿಸ್ಕಿನ ಓಡಾಟ ಕಡಿಮೆಯಾದಾಗ ಆ ಏರುಪೇರೂ ಸಾಲದಾಯಿತು. ಲಾಗಿನ್ ಪ್ರೋಗ್ರಾಂ ಸಂಖ್ಯೆಗಾಗಿ ಕಾಯುತ್ತ ಕೂತಿತು. ಯಂತ್ರವೇ ಸುಮ್ಮನೆ ಕೂತರೆ ಹೊಸ ಏರುಪೇರು ಎಲ್ಲಿಂದ ಬರಬೇಕು?

ಲೈನಸ್ ಟೊರ್ವಾಲ್ಡ್ಸ್ ಆ ಸುಧಾರಣೆಯನ್ನು ಹಿಂತೆಗೆದು, ಸೆಪ್ಟೆಂಬರ್ 15ರಂದು 5.3 ಬಿಡುಗಡೆ ಮಾಡಿದರು. ಸುಧಾರಣೆಯಲ್ಲಿ ತಪ್ಪಿರಲಿಲ್ಲ. ಆದರೂ ಬಳಸುವವರ ಕೆಲಸ ನಿಲ್ಲಬಾರದು ಎಂಬುದು ಅಲ್ಲಿನ ನಿಯಮ. ಮುಂದೆ 5.4ರಲ್ಲಿ ಪ್ರೊಸೆಸರಿನ ಸಮಯದ ಸೂಕ್ಷ್ಮ ಏರುಪೇರಿನಿಂದಲೇ ಸಂಖ್ಯೆ ಪಡೆಯುವ ದಾರಿ ಮಾಡಿದರು, ಸುಧಾರಣೆಯೂ ಮರಳಿ ಬಂತು.

ಈಗ ನಮ್ಮ ಲ್ಯಾಬಿಗೆ ಬನ್ನಿ. ಉರಿಯುತ್ತಿದ್ದ ಬಲ್ಬಿನ ಜೊತೆ ಶ್ರೇಣಿಯಲ್ಲಿ ಇನ್ನೊಂದನ್ನು ಜೋಡಿಸಿದಾಗ ಎರಡೂ ಉರಿಯುವುದಿಲ್ಲ. "ಟೀಚರ್, ಎರಡನೇದು ಹಾಳು" ಅಂತಾರೆ ಮಕ್ಕಳು. ಅದನ್ನು ತೆಗೆದರೆ ಮೊದಲಿನದು ಉರಿಯುತ್ತದೆ, ಸಾಕ್ಷಿಯೂ ಸಿಕ್ಕಿತು! ಆದರೆ ಸೋತದ್ದು ಹಳೆಯ ಸೆಲ್ಲು; ಎರಡನೇ ಬಲ್ಬು ಅದರ ದೌರ್ಬಲ್ಯವನ್ನು ತೋರಿಸಿಕೊಟ್ಟಿತು, ಅಷ್ಟೆ.

ಆಗ ನಾವೇನು ಮಾಡುತ್ತೇವೆ? ಪಾಠ ಮುಗಿಸುವ ಅವಸರದಲ್ಲಿ ಸರಿಯುತ್ತರ ಹೇಳಿಬಿಡುತ್ತೇವೆ. ಮಕ್ಕಳು ರೆಕಾರ್ಡಿನಲ್ಲಿ ಪುಸ್ತಕದ ಅಳತೆಯನ್ನೇ ಬರೆದು ತರುತ್ತಾರೆ, ನಾವು ಸಹಿ ಹಾಕುತ್ತೇವೆ. ನಾನೂ ಹಾಕಿದ್ದೇನೆ.

ಇನ್ನು ಮುಂದೆ ಎರಡು ಪ್ರಶ್ನೆ ಕೇಳೋಣ: ಏನು ಬದಲಾಯಿಸಿದಾಗ ಕೆಟ್ಟಿತು? ಅದರಿಂದ ಯಾಕೆ ಕೆಟ್ಟಿತು? ಮೊದಲನೆಯದಕ್ಕೆ ಉತ್ತರ ಸಿಕ್ಕಿದ ಕೂಡಲೇ ನಿಲ್ಲುವುದು ಬೇಡ. ಕೆಟ್ಟ ಪ್ರಯೋಗವನ್ನು ಪ್ರಾಮಾಣಿಕವಾಗಿ ಬರೆದ ಪುಟಕ್ಕೂ ಅಂಕ ಕೊಡೋಣ. ನೀವೇನಂತೀರಿ?