ಮನೆ ಮಗನಿಗೂ ಒಂದು ಚೀಟಿ ಇರಲಿ, ಸಾಹುಕಾರರೇ!

ದಾವಣಗೆರೆಯ ಅಂಗಡಿ ಬೀದಿಗಳಲ್ಲಿ ‘ಕೆಲಸಕ್ಕೆ ಹುಡುಗರು ಬೇಕಾಗಿದ್ದಾರೆ’ ಎಂಬ ಬೋರ್ಡು ವರ್ಷವಿಡೀ ತೂಗುತ್ತಲೇ ಇರುತ್ತದೆ. ಜಗಳೂರು, ಹೊನ್ನಾಳಿ, ಚನ್ನಗಿರಿ ಬಸ್ಸುಗಳಿಂದ ಬೆಳಿಗ್ಗೆ ಇಳಿಯುವ ಹುಡುಗ ಹುಡುಗಿಯರ ಕಂಕುಳಲ್ಲಿ ಅಂಕಪಟ್ಟಿಯ ಫೈಲು ಇದ್ದೇ ಇರುತ್ತದೆ. ‘ಹುಡುಗರು ನಿಲ್ಲೋದಿಲ್ಲ’ ಎಂಬುದು ಸಾಹುಕಾರರ ಗೋಳು. ‘ಒಳ್ಳೇ ಕೆಲಸ ಸಿಗೋದಿಲ್ಲ’ ಎಂಬುದು ಹುಡುಗರ ಗೋಳು. ಎರಡೂ ನಿಜ. ಎರಡಕ್ಕೂ ಮೂಲ ಮಾತ್ರ ಒಂದೇ: ಮೊದಲ ದಿನ ನಡೆಯುವ ಆ ಹತ್ತು ನಿಮಿಷದ ಇಂಟರ್‌ವ್ಯೂ.

ಆ ಇಂಟರ್‌ವ್ಯೂ ಹೇಗಿರುತ್ತದೆ ಎಂಬುದು ಎಲ್ಲರಿಗೂ ಗೊತ್ತು. ‘ಯಾವೂರು? ಯಾರ ಪೈಕಿ? ಅಪ್ಪ ಏನ್ ಮಾಡ್ತಾನೆ? ಸರಿ, ನಾಳೆಯಿಂದ ಬಾ.’ ಸಂಬಳದ ಮಾತು ಬಂದರೆ ಒಂದೇ ಉತ್ತರ: ‘ಮೊದಲು ಕೆಲಸ ಕಲಿ, ಆಮೇಲೆ ನೋಡೋಣ. ನೀನೂ ನಮ್ಮನೆ ಮಗ ಇದ್ದ ಹಾಗೆ.’ ಹುಡುಗ ತಲೆ ಅಲ್ಲಾಡಿಸಿ ಹೊರಗೆ ಬರುತ್ತಾನೆ. ಏನು ಕೇಳಬೇಕಿತ್ತೋ ಅದನ್ನು ಅವನೂ ಕೇಳಲಿಲ್ಲ, ಏನು ಹೇಳಬೇಕಿತ್ತೋ ಅದನ್ನು ಇವರೂ ಹೇಳಲಿಲ್ಲ.

‘ಮನೆ ಮಗ’ ಎಂಬ ಮಾತು ಕೇಳಲು ಚೆಂದ. ಆದರೆ ಮನೆ ಮಗನಿಗೆ ಓವರ್‌ಟೈಮ್ ಇಲ್ಲ. ಮನೆ ಮಗ ವಾರದ ರಜೆ ಕೇಳಬಾರದು. ದೀಪಾವಳಿ ವ್ಯಾಪಾರದಲ್ಲಿ ರಾತ್ರಿ ಹನ್ನೊಂದಾದರೂ ಕೊನೇ ಬಸ್ಸಿನ ಚಿಂತೆ ಮಾಡಬಾರದು. ಎಲ್ಲಾ ಸರಿ. ಗಲ್ಲಾದಲ್ಲಿ 500 ರೂಪಾಯಿ ಕಡಿಮೆ ಬಂದ ಸಂಜೆ ಮಾತ್ರ ಅದೇ ಮನೆ ಮಗ ಯಾರದೋ ಮಗನಾಗಿಬಿಡುತ್ತಾನೆ! ಮರುದಿನ ಅವನು ಬರುವುದಿಲ್ಲ. ಬಾಕಿ ಸಂಬಳ ಇವರು ಕೊಡುವುದಿಲ್ಲ. ಬೋರ್ಡು ಮತ್ತೆ ಹೊರಗೆ ಬರುತ್ತದೆ.

ಕಾನೂನು ಇಲ್ಲವೇ? ಇದೆ, ಅದೂ 1961ರಿಂದ. ನಮ್ಮ ರಾಜ್ಯದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯಿದೆಯ ಪ್ರಕಾರ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಕೆಲಸ. ಮೀರಿದರೆ ಎರಡರಷ್ಟು ಕೂಲಿ. ವಾರಕ್ಕೊಂದು ಪೂರ್ತಿ ದಿನ ರಜೆ. ಕೆಲಸಕ್ಕೆ ಸೇರಿದ 30 ದಿನದೊಳಗೆ ಹುದ್ದೆ, ಸಂಬಳ, ಷರತ್ತು ಬರೆದ ನೇಮಕ ಪತ್ರ ಕೊಡಬೇಕು. ಆರು ತಿಂಗಳು ದುಡಿದವನನ್ನು ಸರಿಯಾದ ಕಾರಣವಿಲ್ಲದೆ, ಒಂದು ತಿಂಗಳ ನೋಟಿಸು ಇಲ್ಲವೇ ಅಷ್ಟು ಸಂಬಳ ಕೊಡದೆ ತೆಗೆಯುವಂತಿಲ್ಲ. 2025ರ ನವೆಂಬರ್ 21ರಂದು ಜಾರಿಗೆ ಬಂದ ಕೇಂದ್ರದ ಕಾರ್ಮಿಕ ಸಂಹಿತೆಗಳೂ ನೇಮಕ ಪತ್ರದ ಮಾತನ್ನೇ ಹೇಳುತ್ತವೆ. ಹೀಗಿರುವಾಗ ನಮ್ಮ ಪೇಟೆಯಲ್ಲಿ ನೇಮಕ ಪತ್ರ ಜೇಬಿನಲ್ಲಿಟ್ಟುಕೊಂಡ ಸೇಲ್ಸ್‌ಮನ್ ಎಷ್ಟು ಜನ? ಹುಡುಕಿ ನೋಡಿ.

ಇದು ಹತ್ತಿ ಗಿರಣಿಗಳ ಊರು. ಗಿರಣಿ ಕಾರ್ಮಿಕರ ನಾಯಕ ಪಂಪಾಪತಿಯವರನ್ನು 1978, 1983, 1985ರಲ್ಲಿ ಮೂರು ಸಲ ವಿಧಾನಸಭೆಗೆ ಕಳಿಸಿದ ಊರು. ಗಿರಣಿಯವನ ಬೆನ್ನಿಗೆ ಸಂಘವಿತ್ತು. ಸಂಬಳದ ಪ್ರಶ್ನೆಯನ್ನು ಅವನು ಒಬ್ಬನೇ ನಿಂತು ಕೇಳಬೇಕಾಗಿರಲಿಲ್ಲ. ಗಿರಣಿಗಳ ಸದ್ದು ಅಡಗಿತು. ಅಪ್ಪ ಗಿರಣಿಯಲ್ಲಿ ಗಟ್ಟಿಯಾಗಿ ಕೇಳಿದ್ದನ್ನು ಮಗ ಇಂದು ಕೌಂಟರಿನ ಮುಂದೆ ಪಿಸುಮಾತಿನಲ್ಲೂ ಕೇಳಲಾರ.

ಸಾಹುಕಾರರನ್ನೇ ಬೈದು ಮುಗಿಸುವುದು ನಮ್ಮ ಉದ್ದೇಶವಲ್ಲ. ಆರು ತಿಂಗಳು ಕಷ್ಟಪಟ್ಟು ಕೆಲಸ ಕಲಿಸಿದ ಮೇಲೆ, ಎದುರಂಗಡಿಯವನು ಸಾವಿರ ರೂಪಾಯಿ ಜಾಸ್ತಿ ಅಂದಕೂಡಲೇ ಹೇಳದೆ ಕೇಳದೆ ಓಡುವ ಹುಡುಗರೂ ಇದ್ದಾರೆ. ಫೋನ್ ಮಾಡಿದರೆ ಸ್ವಿಚ್ ಆಫ್! ಅದೂ ತಪ್ಪೇ. ಆದರೆ ಬರೆದುಕೊಂಡ ಕಾಗದ ಮಾಲೀಕನನ್ನೂ ಕಾಯುತ್ತದೆ ಎಂಬುದನ್ನು ಮರೆಯಬಾರದು. ‘ಬಿಡುವುದಾದರೆ ಒಂದು ತಿಂಗಳು ಮೊದಲೇ ಹೇಳಬೇಕು’ ಎಂದು ಇಬ್ಬರೂ ಸಹಿ ಹಾಕಿದ್ದರೆ ಕೇಳಲು ಬಾಯಿರುತ್ತದೆ. ಅದು ಬಿಟ್ಟು ಹುಡುಗ ಓಡಬಾರದೆಂದು ಅವನ ಒರಿಜಿನಲ್ ಅಂಕಪಟ್ಟಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕುವುದು ಯಾವ ನ್ಯಾಯ? ಅಡವಿಟ್ಟುಕೊಳ್ಳಲು ಅದೇನು ಬಂಗಾರದ ಬಳೆಯೇ? ನೋಡಿ ವಾಪಸು ಕೊಡಿ, ಝೆರಾಕ್ಸ್ ಸಾಕು.

ಕೆಲಸ ಹುಡುಕುವವರಿಗೂ ಒಂದು ಮಾತು. ಇಂಟರ್‌ವ್ಯೂ ಎಂದರೆ ಬರೀ ಉತ್ತರ ಹೇಳುವುದಲ್ಲ, ನಾಲ್ಕು ಪ್ರಶ್ನೆ ಕೇಳುವುದೂ ಹೌದು. ಸಂಬಳ ಎಷ್ಟು, ಯಾವ ತಾರೀಕು? ಬರುವುದು ಎಷ್ಟಕ್ಕೆ, ಬಿಡುವುದು ಎಷ್ಟಕ್ಕೆ? ವಾರದ ರಜೆ ಯಾವತ್ತು? ಗಲ್ಲಾ ಲೆಕ್ಕದಲ್ಲಿ ವ್ಯತ್ಯಾಸ ಬಂದರೆ ಯಾರ ಜವಾಬ್ದಾರಿ? ಮರ್ಯಾದೆಯಿಂದ, ನಿಧಾನವಾಗಿ ಕೇಳಿ. ಕೇಳಿದ್ದಕ್ಕೆ ಸಿಟ್ಟಾಗುವ ಮಾಲೀಕ ತಿಂಗಳ ಕೊನೆಗೆ ಸಂಬಳ ಕೇಳಿದಾಗಲೂ ಸಿಟ್ಟಾಗುತ್ತಾನೆ. ಅಂಥವನನ್ನು ಮೊದಲ ದಿನವೇ ಗುರುತಿಸಿದರೆ ಲಾಭ ನಿಮ್ಮದೇ. ‘ಮೊದಲು ಡಿಪಾಜಿಟ್ ಕಟ್ಟು, ಆಮೇಲೆ ಕೆಲಸ’ ಎನ್ನುವವರಂತೂ ಸಿಕ್ಕರೆ ಬಂದ ಬಸ್ಸಿಗೇ ವಾಪಸು ಹತ್ತಿ.

ಹೆಣ್ಣುಮಕ್ಕಳಿಗೆ ಇನ್ನೊಂದು ಪ್ರಶ್ನೆ ಹೆಚ್ಚಿಗೆ ಬೀಳುತ್ತದೆ: ‘ಮದುವೆ ಯಾವಾಗ?’ ಬಿಲ್ ಹಾಕುವುದಕ್ಕೂ ಮದುವೆಗೂ ಏನು ಸಂಬಂಧ? ‘ನಾವೆಲ್ಲಾ ಒಂದೇ ಕುಟುಂಬ’ ಎನ್ನುತ್ತಾ ಮೈಮೇಲೆ ಕೈ ಹಾಕುವವರೂ ಇದ್ದಾರೆ. ಅದಕ್ಕೆ 2013ರ ಕಾಯಿದೆ ಇದೆ. ಹತ್ತು ಅಥವಾ ಹೆಚ್ಚು ಜನ ದುಡಿಯುವ ಕಡೆ ದೂರು ಕೇಳಲು ಆಂತರಿಕ ಸಮಿತಿ ಇರಲೇಬೇಕು. ಅದಕ್ಕಿಂತ ಸಣ್ಣ ಅಂಗಡಿಯಾದರೆ, ಅಥವಾ ಮಾಲೀಕನ ಮೇಲೆಯೇ ದೂರಾದರೆ, ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಗೆ ಮೂರು ತಿಂಗಳೊಳಗೆ ಬರೆದುಕೊಡಬಹುದು. ಆ ಸಮಿತಿಯ ವಿಳಾಸವನ್ನು ಬಸ್ ಸ್ಟ್ಯಾಂಡಿನ ಗೋಡೆಯ ಮೇಲೆ ದೊಡ್ಡಕ್ಷರದಲ್ಲಿ ಬರೆಸಲು ಜಿಲ್ಲಾಡಳಿತಕ್ಕೆ ಎಷ್ಟು ಬಣ್ಣ ಖರ್ಚಾದೀತು?

ಕಾರ್ಮಿಕ ಇಲಾಖೆಯವರಿಗೂ ವರ್ತಕರ ಸಂಘದವರಿಗೂ ನಮ್ಮದು ಒಂದೇ ಬೇಡಿಕೆ. ಕನ್ನಡದಲ್ಲಿ ಒಂದೇ ಪುಟದ ನೇಮಕ ಪತ್ರದ ನಮೂನೆ ಅಚ್ಚು ಹಾಕಿಸಿ ಅಂಗಡಿ ಅಂಗಡಿಗೆ ಹಂಚಿ. ಹತ್ತು ರೂಪಾಯಿ ಸಾಮಾನಿಗೂ ಬಿಲ್ ಹರಿದು ಕೊಡುವ ವರ್ತಕರಿಗೆ, ಅದನ್ನು ಮಾರಿಕೊಡುವ ಹುಡುಗನಿಗೆ ಒಂದು ಚೀಟಿ ಬರೆದುಕೊಡುವುದು ಭಾರವಾಗಲಾರದು.