ನಗದು ನಿರಾಕರಿಸುವ ಹಕ್ಕು ಯಾವ ಅಂಗಡಿಗೂ ಇರಬಾರದು

ಬೆಂಗಳೂರಿನ ಮಾಲ್‌ಗಳ ಫುಡ್ ಕೋರ್ಟು, ಹೊಸ ಬಗೆಯ ಕಾಫಿ ಅಂಗಡಿ, ಪಾರ್ಕಿಂಗ್ ಗೇಟು, ದೊಡ್ಡ ಕಾರ್ಯಕ್ರಮಗಳ ತಿಂಡಿ ಮಳಿಗೆ. ಇಂಥ ಕಡೆಗಳಲ್ಲಿ ಈಗ ಒಂದು ಬೋರ್ಡು ಕಣ್ಣಿಗೆ ಬೀಳತೊಡಗಿದೆ: ನಗದು ಸ್ವೀಕರಿಸುವುದಿಲ್ಲ. ರಿಸರ್ವ್ ಬ್ಯಾಂಕ್ ಗವರ್ನರ್ ಸಹಿ ಹಾಕಿದ, ಕನ್ನಡದಲ್ಲೂ ಬೆಲೆ ಅಚ್ಚಾಗಿರುವ ಇನ್ನೂರು ರೂಪಾಯಿಯ ನೋಟು ಹಿಡಿದು ನಿಂತವರಿಗೆ ಅಲ್ಲಿ ಒಂದು ಲೋಟ ಕಾಫಿ ಸಿಗುವುದಿಲ್ಲ. ಸ್ಮಾರ್ಟ್‌ಫೋನ್ ಇಲ್ಲದವರು, ಇದ್ದೂ ಚಾರ್ಜ್ ಮುಗಿದವರು, ಫೋನ್‌ಪೇ ಮಾಡಲು ಇಷ್ಟವಿಲ್ಲದವರು ಹಿಂದಿರುಗಬೇಕು. ಇದು ಅಂಗಡಿಯವರ ಇಷ್ಟಕ್ಕೆ ಬಿಟ್ಟ ಸಂಗತಿ ಎಂದು ಎಷ್ಟೋ ಜನ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಎದುರುಬದುರು ನಿಂತು ವ್ಯಾಪಾರ ಮಾಡುವ ಯಾವ ಜಾಗದಲ್ಲೂ ಸಣ್ಣ ಮೊತ್ತದ ನಗದನ್ನು ಬೇಡ ಎನ್ನುವಂತಿಲ್ಲ ಎಂಬ ಕಾನೂನು ನಮಗೆ ಬೇಕು, ಅದೂ ತಡವಿಲ್ಲದೆ ಬೇಕು.

ಯುಪಿಐ ಮೇಲೆ ನನಗೆ ದ್ವೇಷವಿಲ್ಲ. 2016ರಲ್ಲಿ ಶುರುವಾದ ಈ ವ್ಯವಸ್ಥೆಯಲ್ಲಿ 2025ರ ಆಗಸ್ಟ್ ಒಂದೇ ತಿಂಗಳಲ್ಲಿ 2,000 ಕೋಟಿಗೂ ಹೆಚ್ಚು ಪಾವತಿಗಳು ನಡೆದವು. ಜನ ಅದನ್ನು ಮೆಚ್ಚಿ ಬಳಸುತ್ತಿದ್ದಾರೆ. ಬಸ್ಸಿನಲ್ಲಿ ಕಂಡಕ್ಟರ್ ಟಿಕೆಟ್ ಹಿಂದೆ ಬಾಕಿ ಬರೆದುಕೊಟ್ಟು, ಇಳಿಯುವ ಹೊತ್ತಿಗೆ ಎರಡು ರೂಪಾಯಿಗೆ ಜಗಳವಾಗುತ್ತಿದ್ದ ಕಾಲವನ್ನು ಬಲ್ಲ ಯಾರೂ ಈ ಅನುಕೂಲವನ್ನು ಸಣ್ಣದೆನ್ನಲಾರರು. ಸೊಪ್ಪು ಮಾರುವವರ ಗಾಡಿಗೆ ತೂಗುಹಾಕಿದ ಕ್ಯೂಆರ್ ಕೋಡ್ ಈ ದೇಶದ ತಂತ್ರಜ್ಞರು ಹೆಮ್ಮೆಪಡಬೇಕಾದ ಕೆಲಸ. ಆದರೆ ಒಂದು ಒಳ್ಳೆಯ ದಾರಿ ತೆರೆದಿದೆ ಎಂಬ ಕಾರಣಕ್ಕೆ ಹಳೆಯ ದಾರಿಗೆ ಬೇಲಿ ಹಾಕುವ ಅಧಿಕಾರ ಯಾರಿಗೂ ಬರುವುದಿಲ್ಲ.

ಕಾನೂನು ಈಗ ಏನು ಹೇಳುತ್ತದೆ ನೋಡಿ. ರಿಸರ್ವ್ ಬ್ಯಾಂಕ್ ಕಾಯ್ದೆಯ 26ನೇ ಸೆಕ್ಷನ್ ಪ್ರಕಾರ ಪ್ರತಿ ನೋಟೂ ಭಾರತದ ಯಾವುದೇ ಸ್ಥಳದಲ್ಲಿ ಊರ್ಜಿತ. ಆದರೆ ನೋಟು ಬೇಡವೆಂದು ಮೊದಲೇ ಬೋರ್ಡು ಹಾಕಿ ಕೂತ ಅಂಗಡಿಗೆ ಇಷ್ಟು ದಂಡ ಎಂದು ಆ ಕಾಯ್ದೆ ಎಲ್ಲೂ ಹೇಳುವುದಿಲ್ಲ. ಹತ್ತು ರೂಪಾಯಿಯ ನಾಣ್ಯವನ್ನು ಅಂಗಡಿಗಳು ತಳ್ಳತೊಡಗಿದಾಗ, ಅದರ 14 ವಿನ್ಯಾಸಗಳೂ ಊರ್ಜಿತ ಎಂದು 2018ರಲ್ಲಿ ರಿಸರ್ವ್ ಬ್ಯಾಂಕ್ ಸ್ಪಷ್ಟನೆ ಕೊಟ್ಟಿತು. ಆಮೇಲೂ ನಮ್ಮ ಎಷ್ಟೋ ಊರುಗಳ ಅಂಗಡಿಗಳಲ್ಲಿ ಆ ನಾಣ್ಯ ನಡೆಯಲಿಲ್ಲ. ಬರೀ ಸ್ಪಷ್ಟನೆಯಿಂದ ಗಲ್ಲಾಪೆಟ್ಟಿಗೆ ತೆರೆಯುವುದಿಲ್ಲ.

ಇನ್ನೊಂದು ಕಡೆ, ವರ್ಷಕ್ಕೆ 50 ಕೋಟಿ ರೂಪಾಯಿಗಿಂತ ಹೆಚ್ಚು ವಹಿವಾಟಿರುವ ವ್ಯಾಪಾರಿಗಳು ರುಪೇ ಡೆಬಿಟ್ ಕಾರ್ಡ್ ಮತ್ತು ಯುಪಿಐ ಸೌಲಭ್ಯ ಇಡಲೇಬೇಕು ಎಂದು 2019ರಲ್ಲಿ ಆದಾಯ ತೆರಿಗೆ ಕಾಯ್ದೆಗೆ ಸೇರಿಸಲಾಯಿತು. ಇಡದಿದ್ದರೆ ದಿನಕ್ಕೆ 5,000 ರೂಪಾಯಿ ದಂಡ. ಅಂದರೆ ಡಿಜಿಟಲ್ ಪಾವತಿ ಬೇಡ ಎನ್ನುವ ದೊಡ್ಡ ಅಂಗಡಿಗೆ ಶಿಕ್ಷೆ ಉಂಟು, ರಾಷ್ಟ್ರದ ನೋಟು ಬೇಡ ಎನ್ನುವ ಅಂಗಡಿಗೆ ಇಲ್ಲ. ಗ್ರಾಹಕರ ಆಯ್ಕೆಯನ್ನು ಕಾಪಾಡುವುದೇ ಉದ್ದೇಶವಾಗಿದ್ದರೆ ಎರಡೂ ಬದಿಗೆ ಒಂದೇ ನ್ಯಾಯ ಇರಬೇಕಿತ್ತು.

ಸರ್ಕಾರವೇ ಈ ವಿಷಯದಲ್ಲಿ ಪಕ್ಷ ವಹಿಸಿದೆ. 2025ರ ನವೆಂಬರ್ 15ರಿಂದ ಜಾರಿಗೆ ಬಂದ ನಿಯಮದಂತೆ, ಸರಿಯಾದ ಫಾಸ್ಟ್ಯಾಗ್ ಇಲ್ಲದೆ ಟೋಲ್ ಗೇಟಿಗೆ ಬಂದವರು ಯುಪಿಐನಲ್ಲಿ ಕಟ್ಟಿದರೆ 100 ರೂಪಾಯಿಯ ಶುಲ್ಕಕ್ಕೆ 125, ನಗದು ಕೊಟ್ಟರೆ 200. ಫಾಸ್ಟ್ಯಾಗ್ ಇಲ್ಲದಿರುವುದು ತಪ್ಪು ಎಂದೇ ಇಟ್ಟುಕೊಳ್ಳೋಣ. ಆ ತಪ್ಪು ಇಬ್ಬರದ್ದೂ ಒಂದೇ. ಕೊಟ್ಟಿದ್ದು ನೋಟು ಎಂಬ ಕಾರಣಕ್ಕೆ ಒಬ್ಬರಿಗೆ 75 ರೂಪಾಯಿ ಹೆಚ್ಚುವರಿ ದಂಡ ಬೀಳುತ್ತದೆ. ತಾನು ಅಚ್ಚು ಹಾಕಿಸಿದ ಹಣಕ್ಕೆ ಸರ್ಕಾರ ತಾನೇ ಕಡಿಮೆ ಬೆಲೆ ಕಟ್ಟುವುದು ನನಗೆ ಅವಮಾನದ ಸಂಗತಿಯಾಗಿ ಕಾಣುತ್ತದೆ.

ಕರ್ನಾಟಕದಲ್ಲಿ 2025ರ ಜುಲೈನಲ್ಲಿ ನಡೆದದ್ದನ್ನು ಮರೆಯುವ ಹಾಗಿಲ್ಲ. ಯುಪಿಐ ಲೆಕ್ಕಗಳನ್ನು ತರಿಸಿಕೊಂಡ ವಾಣಿಜ್ಯ ತೆರಿಗೆ ಇಲಾಖೆ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿತು. ಹಾವೇರಿಯಲ್ಲಿ ತರಕಾರಿ ಮಾರುವವರೊಬ್ಬರಿಗೆ ಬಂದ ನೋಟಿಸ್‌ನಲ್ಲಿದ್ದ ಮೊತ್ತ ಸುಮಾರು 29 ಲಕ್ಷ ರೂಪಾಯಿ. ತಾಜಾ ತರಕಾರಿಗೆ ಜಿಎಸ್‌ಟಿಯೇ ಇಲ್ಲ. ಬೆಂಗಳೂರಿನ ಬೇಕರಿ, ಕಾಂಡಿಮೆಂಟ್ಸ್, ಟೀ ಅಂಗಡಿಗಳಲ್ಲಿ ಕ್ಯೂಆರ್ ಕೋಡ್ ಕಿತ್ತು 'ಯುಪಿಐ ಇಲ್ಲ, ಕ್ಯಾಷ್ ಮಾತ್ರ' ಎಂದು ಬರೆದರು. ಜುಲೈ 25ಕ್ಕೆ ಬಂದ್ ಕರೆಯಾಯಿತು. ಎರಡು ದಿನ ಮುಂಚೆ ಮುಖ್ಯಮಂತ್ರಿ ಸಿದ್ದರಾಮಯ್ಯ ವ್ಯಾಪಾರಿಗಳನ್ನು ಕರೆದು ಮಾತಾಡಿ, ಹಳೆಯ ಬಾಕಿ ಕೇಳುವುದಿಲ್ಲ, ಹಾಲು, ಹಣ್ಣು, ತರಕಾರಿ ಮಾರುವವರಿಗೆ ತೆರಿಗೆಯ ಮಾತೇ ಇಲ್ಲ ಎಂದ ಮೇಲೆ ಬಂದ್ ನಿಂತಿತು.

ಸರಕು ಮಾರಾಟದಲ್ಲಿ ವರ್ಷಕ್ಕೆ 40 ಲಕ್ಷ, ಸೇವೆಯಲ್ಲಿ 20 ಲಕ್ಷ ರೂಪಾಯಿ ದಾಟಿದವರು ಜಿಎಸ್‌ಟಿ ನೋಂದಣಿ ಮಾಡಿಸಬೇಕು, ಕಟ್ಟಬೇಕಾದ ತೆರಿಗೆ ಕಟ್ಟಬೇಕು. ಅದರಲ್ಲಿ ರಿಯಾಯಿತಿ ಕೇಳುವವನು ನಾನಲ್ಲ. ಆದರೆ ಆ ದಿನಗಳಲ್ಲಿ ಬಯಲಾದ ಸತ್ಯ ಬೇರೆ. ಖಾತೆಗೆ ಬಂದ ದುಡ್ಡನ್ನೆಲ್ಲ ಯುಪಿಐ ಲೆಕ್ಕ ವಹಿವಾಟು ಎಂದೇ ಓದುತ್ತದೆ. ಭಾವಮೈದ ತೀರಿಸಿದ ಕೈಸಾಲ, ಚೀಟಿ ಎತ್ತಿದ ದುಡ್ಡು, ಮಗಳ ಮದುವೆಗೆ ನೆಂಟರು ಕಳಿಸಿದ್ದು, ಎಲ್ಲವೂ ಅದರಲ್ಲಿ ಒಂದೇ ಸಾಲಿನ ಅಂಕಿ. ಅದು ವ್ಯಾಪಾರದ ದುಡ್ಡಲ್ಲ ಎಂದು ಸಾಬೀತು ಮಾಡುವ ಹೊಣೆ, ಬಿಲ್ ಪುಸ್ತಕವನ್ನೇ ಇಡದ, ದಿನಕ್ಕೆ ಹದಿನಾಲ್ಕು ಗಂಟೆ ಒಲೆ ಮುಂದೆ ನಿಲ್ಲುವ ಮನುಷ್ಯನ ತಲೆಗೆ ಬೀಳುತ್ತದೆ. ಅಂದು ಆ ವ್ಯಾಪಾರಿಗಳ ಮಾತನ್ನು ಸರ್ಕಾರ ಕೇಳಿಸಿಕೊಂಡದ್ದು ಯಾಕೆ? ಕ್ಯೂಆರ್ ಕೋಡ್ ಕಿತ್ತ ಮೇಲೂ ಗಿರಾಕಿಗಳ ಜೇಬಿನಲ್ಲಿ ನೋಟು ಇತ್ತು, ಅಂಗಡಿ ನಡೆಯುತ್ತಿತ್ತು. ಬೇರೆ ದಾರಿ ಇದ್ದುದರಿಂದಲೇ ಅವರ ಪ್ರತಿಭಟನೆಗೆ ಬೆಲೆ ಬಂತು.

ಇನ್ನು ಖಾತೆ ಸ್ಥಗಿತದ ಕಾಟ. ಎಲ್ಲಿಯೋ ಒಬ್ಬ ಸೈಬರ್ ವಂಚಕ ಕದ್ದ ದುಡ್ಡು ಕೈ ಬದಲಾಗಿ, ಅದರಲ್ಲಿ ಮುನ್ನೂರು ರೂಪಾಯಿ ಊಟದ ಬಿಲ್ಲಾಗಿ ಒಂದು ಹೋಟೆಲಿನ ಖಾತೆ ಸೇರುತ್ತದೆ. ದೂರದ ರಾಜ್ಯದ ಪೊಲೀಸರ ಸೂಚನೆಯ ಮೇಲೆ ಬ್ಯಾಂಕು ಇಡೀ ಖಾತೆಗೆ ಬೀಗ ಹಾಕುತ್ತದೆ. ಕೇರಳದಲ್ಲಿ 2023ರಲ್ಲಿ ಇಂಥ ಪ್ರಕರಣಗಳು ಹೆಚ್ಚಾಗಿ, ಅಲ್ಲಿನ ಹೈಕೋರ್ಟ್ ವಿವಾದದಲ್ಲಿರುವ ಮೊತ್ತಕ್ಕಷ್ಟೇ ತಡೆ ಸೀಮಿತವಾಗಿರಬೇಕು ಎನ್ನಬೇಕಾಯಿತು. ಆ ಮುನ್ನೂರು ರೂಪಾಯಿಯನ್ನು ನೋಟಿನಲ್ಲಿ ತೆಗೆದುಕೊಂಡ ಹೋಟೆಲಿನವರಿಗೆ ಈ ಗತಿ ಬರುವುದಿಲ್ಲ.

ಆದರೆ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುವುದು ಅಂಗಡಿಯವರ ಕಷ್ಟವಲ್ಲ, ಸಾಸಿವೆ ಡಬ್ಬಿಯ ದುಡ್ಡು. ನಮ್ಮ ಮನೆಗಳಲ್ಲಿ ಅಮ್ಮಂದಿರು, ಅಜ್ಜಿಯಂದಿರು ಮನೆ ಖರ್ಚಿನಲ್ಲಿ ಉಳಿಸಿ, ಹಾಲು ಮಾರಿ, ಹೂ ಕಟ್ಟಿ ಕೂಡಿಟ್ಟ ಹಣ ಅದು. ಗಂಡನಿಗೆ ಗೊತ್ತಿರಲಿಲ್ಲ, ಗೊತ್ತಾಗಬೇಕಾಗಿಯೂ ಇರಲಿಲ್ಲ. ಮಗಳ ಪರೀಕ್ಷೆ ಫೀಸು, ತವರಿನ ದಾರಿಯ ಬಸ್ ಚಾರ್ಜು, ಕುಡಿದು ಬಂದವನ ಕೈಗೆ ಸಿಗದ ನಾಳೆಯ ಅಕ್ಕಿ ಆ ಡಬ್ಬಿಯಿಂದ ಬರುತ್ತಿದ್ದವು. 2016ರ ನವೆಂಬರ್ 8ರ ರಾತ್ರಿ 500, 1,000ದ ನೋಟು ರದ್ದಾದಾಗ ಎಷ್ಟೋ ಹೆಂಗಸರು ಆ ಡಬ್ಬಿಗಳನ್ನು ಗಂಡಂದಿರ, ಮಕ್ಕಳ ಮುಂದೆ ಬರಿದು ಮಾಡಬೇಕಾಯಿತು. ವರ್ಷಗಳ ಗುಟ್ಟು ಒಂದೇ ವಾರದಲ್ಲಿ ಹೊರಬಿತ್ತು.

ನಗದು ನಡೆಯದ ಊರಿನಲ್ಲಿ ಆ ಹೆಂಗಸಿಗೆ ಏನು ಉಳಿಯುತ್ತದೆ? ಎಷ್ಟೋ ಮನೆಗಳಲ್ಲಿ ಸ್ಮಾರ್ಟ್‌ಫೋನ್ ಒಂದೇ, ಅದು ಗಂಡಸಿನ ಜೇಬಿನಲ್ಲಿರುತ್ತದೆ. ಹೆಂಡತಿಯ ಬ್ಯಾಂಕ್ ಖಾತೆಗೆ ಜೋಡಿಸಿರುವ ನಂಬರೂ ಅವನದೇ. ಅವಳು ಔಷಧದ ಅಂಗಡಿಯಲ್ಲಿ ಎಂಬತ್ತು ರೂಪಾಯಿ ಕಟ್ಟಿದರೆ ಅವನ ಫೋನಿಗೆ ಸಂದೇಶ ಹೋಗುತ್ತದೆ. ಏನು ಕೊಂಡೆ, ಯಾಕೆ ಕೊಂಡೆ, ಯಾರನ್ನು ಕೇಳಿ ಕೊಂಡೆ ಎಂಬ ವಿಚಾರಣೆ ಅವಳು ಮನೆ ಸೇರುವ ಮೊದಲೇ ಸಿದ್ಧವಾಗಿರುತ್ತದೆ. ಹೊಡೆತ ತಾಳಲಾರದೆ ಮನೆ ಬಿಡಲು ಹೊರಟವಳ ವಿಷಯದಲ್ಲಂತೂ ಯಾವ ಊರಿನ ಬಸ್ ಹತ್ತಿದಳು ಎಂಬುದನ್ನೂ ಆ ಸಂದೇಶ ಹೇಳಿಬಿಡಬಹುದು. ಯಾರೂ ಜಾಡು ಹಿಡಿಯದ ಐನೂರು ರೂಪಾಯಿ ಕೆಲವರಿಗೆ ಜೀವ ಉಳಿಸುವ ಹಣ. ನಗದು ಬೇಡ ಎನ್ನುವ ಕಾಫಿ ಅಂಗಡಿಗೂ ಇದಕ್ಕೂ ಏನು ಸಂಬಂಧ ಎಂದು ಕೇಳಬಹುದು. ಇಂದು ಕಾಫಿ ಅಂಗಡಿ ಮಾಡಿದ್ದನ್ನು ನಾಳೆ ಔಷಧದಂಗಡಿ ಮಾಡುತ್ತದೆ, ನಾಡಿದ್ದು ಬಸ್ಸು ಮಾಡುತ್ತದೆ. ಮೊದಲ ಬೋರ್ಡು ಕಂಡಾಗಲೇ ತಡೆಯದಿದ್ದರೆ ಆಮೇಲೆ ತಡೆಯಲು ನೋಟೇ ಕೈಯಲ್ಲಿರುವುದಿಲ್ಲ.

ಖಾಸಗಿತನ ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಹೇಳಿತು. ಆ ಮೊಕದ್ದಮೆ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಹೆಸರಿನಲ್ಲಿದೆ. ಆಧಾರ್ ವಿರುದ್ಧ ಅವರು ಸುಪ್ರೀಂ ಕೋರ್ಟಿಗೆ ಹೋದದ್ದು 2012ರಲ್ಲಿ, ವಯಸ್ಸು ಎಂಬತ್ತು ದಾಟಿದ ಮೇಲೆ. ಆ ಹಕ್ಕನ್ನು ದಿನನಿತ್ಯ ಚಲಾಯಿಸಲು ಸಾಮಾನ್ಯ ಮನುಷ್ಯನ ಕೈಯಲ್ಲಿ ಇರುವ ಅತಿ ಸರಳ ಸಾಧನ ನೋಟು. ಅದರಲ್ಲಿ ಕೊಂಡವರ ಹೆಸರು ಇರುವುದಿಲ್ಲ.

ನಗದಿದ್ದರೆ ಕಪ್ಪುಹಣ ಬೆಳೆಯುತ್ತದೆ ಎಂಬ ವಾದ ಕೇಳಿ ಕೇಳಿ ಸಾಕಾಗಿದೆ. 2016ರಲ್ಲಿ ರದ್ದಾದ 15.41 ಲಕ್ಷ ಕೋಟಿ ರೂಪಾಯಿಯ ನೋಟುಗಳಲ್ಲಿ 99.3 ಶೇಕಡಾ ಬ್ಯಾಂಕಿಗೆ ಮರಳಿ ಬಂದಿತೆಂದು ರಿಸರ್ವ್ ಬ್ಯಾಂಕೇ 2018ರಲ್ಲಿ ಲೆಕ್ಕ ಕೊಟ್ಟಿತು. ಎರಡು ಲಕ್ಷ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯುವುದಕ್ಕೆ 2017ರಿಂದಲೇ ನಿಷೇಧವಿದೆ, ಅದು ಇರಲಿ. ನಾನು ಮಾತಾಡುತ್ತಿರುವುದು ಮಸಾಲೆದೋಸೆ, ಮಾತ್ರೆ, ಪಾರ್ಕಿಂಗ್ ಶುಲ್ಕದ ಬಗ್ಗೆ. ಜನರಂತೂ ನೋಟನ್ನು ಕೈಬಿಟ್ಟಿಲ್ಲ. 2016ರ ಮಾರ್ಚ್ ಕೊನೆಗೆ ಚಲಾವಣೆಯಲ್ಲಿದ್ದ ನೋಟುಗಳ ಮೌಲ್ಯ ಸುಮಾರು 16.4 ಲಕ್ಷ ಕೋಟಿ, 2025ರ ಮಾರ್ಚ್ ಕೊನೆಗೆ 36 ಲಕ್ಷ ಕೋಟಿ ದಾಟಿತ್ತು.

ಮಳೆಗಾಲದಲ್ಲಿ ಮಲೆನಾಡಿಗೆ ಹೋದವರಿಗೆ ನಗದು ಯಾಕೆ ಬೇಕೆಂದು ವಿವರಿಸಬೇಕಿಲ್ಲ. ಮರ ಬಿದ್ದು ಕರೆಂಟ್ ಹೋಗುತ್ತದೆ, ಟವರಿನ ಬ್ಯಾಟರಿ ಮುಗಿಯುತ್ತದೆ, ಮೂರು ದಿನ ಫೋನು ಬರೀ ಟಾರ್ಚು. 2025ರ ಮಾರ್ಚ್ 26 ಮತ್ತು ಏಪ್ರಿಲ್ 12ರಂದು ಮಳೆಯಿಲ್ಲದೆಯೂ ಯುಪಿಐ ದೇಶದ ಉದ್ದಗಲಕ್ಕೂ ಕೈಕೊಟ್ಟಿತು. ಮಣಿಪುರದಲ್ಲಿ 2023ರ ಮೇ ತಿಂಗಳಿಂದ ಸರ್ಕಾರವೇ ತಿಂಗಳುಗಟ್ಟಲೆ ಮೊಬೈಲ್ ಇಂಟರ್ನೆಟ್ ಕಡಿದಿತ್ತು. ಸ್ಪೇನ್, ಪೋರ್ಚುಗಲ್‌ಗಳಲ್ಲಿ 2025ರ ಏಪ್ರಿಲ್ 28ರಂದು ವಿದ್ಯುತ್ ಪೂರ್ತಿ ನಿಂತಾಗ ನೀರಿನ ಬಾಟಲಿ ಕೊಳ್ಳಲು ಜನ ನೋಟಿಗಾಗಿ ಪರದಾಡಿದರು. ನಗದು ಬಿಡುವುದರಲ್ಲಿ ಎಲ್ಲರಿಗಿಂತ ಮುಂದೆ ಓಡಿದ್ದ ಸ್ವೀಡನ್ 2024ರಲ್ಲಿ ಮನೆಮನೆಗೆ ಹಂಚಿದ ಪುಸ್ತಿಕೆಯಲ್ಲಿ ಕನಿಷ್ಠ ಒಂದು ವಾರಕ್ಕೆ ಸಾಕಾಗುವಷ್ಟು ನಗದು ಇಟ್ಟುಕೊಳ್ಳಿ ಎಂದಿತು. ನಾರ್ವೆ ಅದೇ ವರ್ಷ ಅಕ್ಟೋಬರ್ 1ರಿಂದ ಕಾನೂನು ಬಿಗಿ ಮಾಡಿ, ಕಾಯಂ ಮಳಿಗೆಗಳು 20,000 ಕ್ರೋನರ್ ತನಕ ನಗದು ತೆಗೆದುಕೊಳ್ಳಬೇಕು ಎಂದಿತು. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಇಂಥ ಕಾನೂನು 1978ರಿಂದಲೇ ಇದೆ, ಫಿಲಡೆಲ್ಫಿಯಾ ಮತ್ತು ನ್ಯೂಯಾರ್ಕ್ ನಗರಗಳು ಈಚೆಗೆ ಮಾಡಿಕೊಂಡವು. ಇವು ತಂತ್ರಜ್ಞಾನಕ್ಕೆ ಹೆದರುವ ನಾಡುಗಳಲ್ಲ.

ಇನ್ನೊಂದು ಮಾತು ವೆಚ್ಚದ್ದು. ಯುಪಿಐ ಪಾವತಿಗೆ ಇಂದು ವ್ಯಾಪಾರಿಯಿಂದ ಕಮಿಷನ್ ಇಲ್ಲ, 2020ರ ಜನವರಿಯಿಂದ ಅದು ಶೂನ್ಯ. ಆದರೆ ಅದರ ಖರ್ಚನ್ನು ಯಾರಾದರೂ ಭರಿಸಲೇಬೇಕು ಎಂದು ರಿಸರ್ವ್ ಬ್ಯಾಂಕ್ ಗವರ್ನರ್ ಸಂಜಯ್ ಮಲ್ಹೋತ್ರಾ 2025ರಲ್ಲಿ ಬಿಡಿಸಿ ಹೇಳಿದ್ದಾರೆ. ವಹಿವಾಟಿನ ಸಂಖ್ಯೆಯಲ್ಲಿ ಸುಮಾರು 80 ಶೇಕಡಾ ಪಾಲು ಫೋನ್‌ಪೇ ಮತ್ತು ಗೂಗಲ್ ಪೇ ಎಂಬ ಎರಡೇ ಆಪ್‌ಗಳದ್ದು. ಯಾವುದೇ ಒಂದು ಆಪ್‌ಗೆ 30 ಶೇಕಡಾದ ಮಿತಿ ಹಾಕುವುದಾಗಿ ಯುಪಿಐ ನಡೆಸುವ ಎನ್‌ಪಿಸಿಐ 2020ರಲ್ಲಿ ಹೇಳಿ, ಗಡುವನ್ನು 2026ರ ಡಿಸೆಂಬರ್ ತನಕ ಮುಂದೂಡಿದೆ. ಶುಲ್ಕ ಬಂದ ದಿನ, ಸರಿ ಹಾಗಾದರೆ ನೋಟು ಕೊಡುತ್ತೇನೆ ಎನ್ನುವ ಅವಕಾಶ ಗ್ರಾಹಕರಿಗೂ ವ್ಯಾಪಾರಿಗೂ ಉಳಿದಿರಬೇಕು.

ನಗದು ನಿಭಾಯಿಸುವುದು ತಲೆನೋವು ಎಂಬ ಮಾಲೀಕರ ದೂರು ಸುಳ್ಳಲ್ಲ. ಗಲ್ಲಾದಲ್ಲಿ ಕಳ್ಳತನ, ಖೋಟಾನೋಟು, ಸಂಜೆ ಎಣಿಕೆ ಎಲ್ಲ ಇರುತ್ತವೆ. ಆದರೆ ಬೀದಿಗೆ ಬಾಗಿಲು ತೆರೆದು ಕೂತ ಮೇಲೆ ಬೀದಿಯಲ್ಲಿ ಬರುವ ಎಲ್ಲರ ಬಗ್ಗೆಯೂ ಅಷ್ಟು ಹೊಣೆ ಇದೆ. ರಾತ್ರಿ ಪಾಳಿಯ ಪೆಟ್ರೋಲ್ ಬಂಕಿನಂಥ ಅಪಾಯದ ಜಾಗಗಳಿಗೆ, ಆನ್‌ಲೈನ್ ಮಾರಾಟಕ್ಕೆ ವಿನಾಯಿತಿ ಕೊಡಲಿ.

ಹೊಸ ಕಾಯ್ದೆಗಾಗಿ ಸಂಸತ್ತನ್ನು ಕಾಯುವ ತನಕ ಕೈಕಟ್ಟಿ ಕೂರಬೇಕಿಲ್ಲ. ಹೋಟೆಲುಗಳು ಬಿಲ್ಲಿಗೆ ತಾವಾಗಿಯೇ ಸೇವಾ ಶುಲ್ಕ ಸೇರಿಸಬಾರದೆಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ ಮಾರ್ಗಸೂಚಿ ಹೊರಡಿಸಿತು, ದೆಹಲಿ ಹೈಕೋರ್ಟ್ 2025ರ ಮಾರ್ಚ್‌ನಲ್ಲಿ ಅದನ್ನು ಎತ್ತಿಹಿಡಿಯಿತು. ಆ ಮಾರ್ಗಸೂಚಿಗೆ ಆಧಾರವಾದ 2019ರ ಗ್ರಾಹಕ ರಕ್ಷಣಾ ಕಾಯ್ದೆಯಡಿಯೇ, 10,000 ರೂಪಾಯಿ ತನಕದ ಖರೀದಿಗೆ ನಗದು ನಿರಾಕರಿಸುವುದು, ನಗದಿಗೆ ಹೆಚ್ಚು ಬೆಲೆ ಹಾಕುವುದು ಅನುಚಿತ ವ್ಯಾಪಾರ ಎಂದು ಪ್ರಾಧಿಕಾರ ಸಾರಲಿ. ರಾಜ್ಯ ಸರ್ಕಾರ ತನ್ನ ಆಸ್ಪತ್ರೆ, ಬಸ್ಸು, ಮೆಟ್ರೊ, ವಿದ್ಯುತ್ ಬಿಲ್ ಕೌಂಟರುಗಳಲ್ಲಿ ಒಂದಾದರೂ ನಗದಿನ ಕಿಟಕಿ ಸದಾ ತೆರೆದಿರುತ್ತದೆ ಎಂದು ಲಿಖಿತ ಆದೇಶ ಹೊರಡಿಸಲಿ. ಪಾಲಿಕೆಗಳು ಹೋಟೆಲು, ಪಾರ್ಕಿಂಗ್ ಪರವಾನಗಿ ನವೀಕರಿಸುವಾಗ ಇದನ್ನೇ ಷರತ್ತಾಗಿ ಸೇರಿಸಲಿ. ಟೋಲ್ ಗೇಟಿನಲ್ಲಿ ನೋಟಿಗೆ ಹಾಕುವ ಹೆಚ್ಚುವರಿ ದಂಡವನ್ನು ಕೇಂದ್ರದ ಹೆದ್ದಾರಿ ಸಚಿವಾಲಯ ಕೈಬಿಡಲಿ. ಅಲ್ಲಿಯತನಕ, ನೋಟು ಹಿಡಿದು ನಿಂತ ಗ್ರಾಹಕರನ್ನು ವಾಪಸ್ ಕಳಿಸಿದ ಅಂಗಡಿಯ ಬಗ್ಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಿ, ಬೋರ್ಡಿನ ಚಿತ್ರ ತೆಗೆದಿಟ್ಟುಕೊಳ್ಳಿ.