ಇಂಗ್ಲಿಷ್ ಮೇಷ್ಟ್ರು ಬರೆಯಲಿ, ನಾವು ಬರೆಸೋಣ

ಹೊಸೂರು ಭಾಗದ ಕನ್ನಡ ಶಾಲೆಯೊಂದರಲ್ಲಿ ಮುಖ್ಯೋಪಾಧ್ಯಾಯನಾಗಿದ್ದಾಗ, ಪ್ರತಿ ಜೂನ್‌ನಲ್ಲೂ ದಾಖಲಾತಿಗೆ ಬಂದ ಪೋಷಕರು ಕೇಳುತ್ತಿದ್ದುದು ಒಂದೇ ಪ್ರಶ್ನೆ: "ಸಾರ್, ಇಲ್ಲಿ ಓದಿದರೆ ಮಗುವಿಗೆ ಇಂಗ್ಲಿಷ್ ಬರುತ್ತಾ?" ಬರುತ್ತದೆ ಎನ್ನುತ್ತಿದ್ದೆ. ಹೇಗೆ ಬರುತ್ತದೆ ಎಂದು ತೋರಿಸಲು ನನ್ನ ಮೇಜಿನ ಮೇಲೆ ಒಂದು ಹಾಳೆಯೂ ಇರಲಿಲ್ಲ. ಆಚೆ ಬೀದಿಯ ಇಂಗ್ಲಿಷ್ ಮಾಧ್ಯಮ ಶಾಲೆಯವರ ಕೈಯಲ್ಲಿ ಬಣ್ಣದ ಕರಪತ್ರ ಇತ್ತು. ಮಗು ಅತ್ತ ಹೋಗುತ್ತಿತ್ತು.

ಹಾಳೆ ಇರಲಿಲ್ಲ ಎಂದ ಮಾತ್ರಕ್ಕೆ ಕೆಲಸ ನಡೆದಿರಲಿಲ್ಲ ಎಂದಲ್ಲ. ನಮ್ಮ ಇಂಗ್ಲಿಷ್ ಶಿಕ್ಷಕರು ಮಾಡುವ ಕೆಲಸ ಬೇರೆಯವರು ಮಾಡುವಂಥದ್ದಲ್ಲ. ಇಲ್ಲಿ ಎಷ್ಟೋ ಮಕ್ಕಳ ಮನೆಮಾತು ತೆಲುಗು, ತರಗತಿಯದು ಕನ್ನಡ, ಪೇಟೆಯದು ತಮಿಳು. 2006ರ ತಮಿಳು ಕಲಿಕಾ ಕಾಯ್ದೆ ಬಂದ ಮೇಲೆ ತಮಿಳು ಪಾಠವೂ ಸೇರಿತು. ಇಂಗ್ಲಿಷ್ ಆ ಮಗುವಿಗೆ ನಾಲ್ಕನೆಯದು. ನಾನು ಹೋದ ತರಬೇತಿಗಳಲ್ಲಿ ಮಾತ್ರ ಉದಾಹರಣೆಗಳೆಲ್ಲ ತಮಿಳು ಮಾಧ್ಯಮದ ಮಕ್ಕಳವು. ತಮಿಳು ಲಿಪಿಯಲ್ಲಿ ಪ, ಬ ಎರಡಕ್ಕೂ ಒಂದೇ ಅಕ್ಷರ. ಆದ್ದರಿಂದ ಆ ಮಕ್ಕಳಿಗೆ ‘ಪಿನ್’, ‘ಬಿನ್’ ಬೇರೆ ಬೇರೆ ಎಂದು ಕಲಿಸುವುದೇ ಒಂದು ಪಾಠ. ಕನ್ನಡ ಕಾಗುಣಿತ ಕಲಿತ ಮಗುವಿಗೆ ಆ ತೊಡಕು ಅಷ್ಟಿಲ್ಲ. ನಮ್ಮ ಹೊತ್ತು ಹೋಗುವುದು ‘ಎಗ್’ ಅನ್ನು ‘ಯೆಗ್ಗು’, ‘ಬಸ್’ ಅನ್ನು ‘ಬಸ್ಸು’ ಎನ್ನುವುದನ್ನು ತಿದ್ದುವುದರಲ್ಲಿ. ಇದು ತರಬೇತಿ ಕೊಡುವವರಿಗೆ ಹೇಗೆ ಗೊತ್ತಾಗಬೇಕು? ನಾವು ಬರೆದು ತಿಳಿಸಿದ್ದರೆ ತಾನೇ!

ಇಂಗ್ಲಿಷ್ ಶಿಕ್ಷಕರಿಗಾಗಿಯೇ ಪತ್ರಿಕೆಗಳಿವೆ, ನ್ಯೂಸ್‌ಲೆಟರ್‌ಗಳಿವೆ. ಚೆನ್ನೈಯಲ್ಲಿ ಕೇಂದ್ರವಿರುವ ಭಾರತದ ಇಂಗ್ಲಿಷ್ ಭಾಷಾ ಶಿಕ್ಷಕರ ಸಂಘ, ಅಂದರೆ ಎಲ್ಟಾಯ್, ತನ್ನದೇ ಪತ್ರಿಕೆ ತರುತ್ತದೆ. ಹೈದರಾಬಾದಿನ ‘ಟೀಚರ್ ಪ್ಲಸ್’ ಎಲ್ಲ ವಿಷಯಗಳ ಶಿಕ್ಷಕರ ಬರಹ ಪ್ರಕಟಿಸುತ್ತದೆ. ಗಡಿಯ ಕನ್ನಡ ಶಾಲೆಯಿಂದ ಇಂಥಲ್ಲಿಗೆ ಲೇಖನ ಹೋಗಬೇಕು ಎಂಬುದೇ ನನ್ನ ಮಾತು.

ಒಂದು ನ್ಯೂಸ್‌ಲೆಟರಿನಿಂದ ಏನಾದೀತು ಎನ್ನಬೇಡಿ. 1979ರಲ್ಲಿ, ಮದರಾಸಿನ ಬ್ರಿಟಿಷ್ ಕೌನ್ಸಿಲ್‌ನಲ್ಲಿದ್ದ ಎನ್.ಎಸ್. ಪ್ರಭು ಅವರು ಬೆಂಗಳೂರಿನ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯ ಜೊತೆ ಸೇರಿ ಒಂದು ಪ್ರಯೋಗ ಶುರುಮಾಡಿದರು. ವ್ಯಾಕರಣದ ನಿಯಮದಿಂದ ಪಾಠ ಆರಂಭಿಸುವ ಬದಲು ರೈಲು ವೇಳಾಪಟ್ಟಿ, ನಕ್ಷೆ ಇಂಥವನ್ನು ಮಕ್ಕಳ ಮುಂದಿಟ್ಟು ಲೆಕ್ಕ ಹಾಕಿಸುವುದು, ದಾರಿ ಹುಡುಕಿಸುವುದು. ಅರ್ಥದ ಕಡೆ ಮನಸ್ಸಿದ್ದಾಗ ಭಾಷೆ ತಾನಾಗಿ ಕೂರುತ್ತದೆ ಎಂಬ ನಂಬಿಕೆ. ಬೆಂಗಳೂರು, ಮದರಾಸು, ಕಡಲೂರಿನ ಸಾಮಾನ್ಯ ಶಾಲೆಗಳಲ್ಲಿ 1984ರವರೆಗೆ ಇದು ನಡೆಯಿತು. ಅದರ ಆರಂಭದ ವರದಿಗಳು ಬಂದದ್ದು ಆ ಸಂಸ್ಥೆಯ ನ್ಯೂಸ್‌ಲೆಟರಿನಲ್ಲಿ. 1987ರಲ್ಲಿ ಪ್ರಭು ಅವರ ಪುಸ್ತಕ ಆಕ್ಸ್‌ಫರ್ಡ್‌ನಿಂದ ಹೊರಬಂತು. ಇಂದಿಗೂ ಬೇರೆ ಬೇರೆ ದೇಶಗಳ ಶಿಕ್ಷಕರು ‘ಬೆಂಗಳೂರು ಪ್ರಾಜೆಕ್ಟ್’ ಎಂದು ಅದನ್ನು ಓದುತ್ತಾರೆ.

ಈಗ ನನ್ನ ತಪ್ಪನ್ನೂ ಹೇಳಬೇಕು. ಸುಮಾರು ಇಪ್ಪತ್ತು ವರ್ಷದ ಹಿಂದೆ ಏಳನೇ ತರಗತಿಯ ಮಕ್ಕಳಿಗೆ ಒಂದು ಕೆಲಸ ಕೊಟ್ಟಿದ್ದೆ. ಬಸ್ಸಿನ ಬೋರ್ಡು, ಹಾಲಿನ ಪ್ಯಾಕೆಟ್ಟು, ಗೊಬ್ಬರದ ಮೂಟೆ, ಎಲ್ಲಿ ಇಂಗ್ಲಿಷ್ ಪದ ಕಂಡರೂ ಬರೆದುಕೊಂಡು ಬರಬೇಕು. ಪಕ್ಕದಲ್ಲಿ ಅದನ್ನೇ ಕನ್ನಡ ಲಿಪಿಯಲ್ಲೂ ತಮಿಳು ಲಿಪಿಯಲ್ಲೂ ಬರೆದು, ಆ ಪದ ಬಳಸಿ ಒಂದು ವಾಕ್ಯ ಮಾಡಬೇಕು. ಬಾಯೇ ಬಿಡದ ಮಕ್ಕಳೂ ಪದ ತಂದರು, ಜಗಳವಾಡಿ ಓದಿದರು. ಉತ್ಸಾಹದಿಂದ ಲೇಖನ ಬರೆದು ಒಂದು ಪತ್ರಿಕೆಗೆ ಕಳಿಸಿದೆ. ಸಂಪಾದಕರು ಹಿಂದಿರುಗಿಸಿದರು. ಇಂಗ್ಲಿಷಿನ ಮಹತ್ವದ ಬಗ್ಗೆ ಮೂರು ಪುಟ ಇದೆ, ತರಗತಿ ನಾಲ್ಕನೇ ಪುಟದಲ್ಲಿ ಶುರುವಾಗುತ್ತದೆ, ಮೊದಲ ಮೂರು ತೆಗೆದು ಮಕ್ಕಳು ಮಾಡಿದ್ದನ್ನು ಬರೆಯಿರಿ ಎಂದು ಸೂಚನೆ. ನನಗೆ ಅವಮಾನವಾಯಿತು. ಬೀರುವಿಗೆ ಹಾಕಿಬಿಟ್ಟೆ. ಅವರು ಹೇಳಿದ್ದು ಸರಿ ಎಂದು ಹೊಳೆಯುವ ಹೊತ್ತಿಗೆ ಆ ಮಕ್ಕಳ ನೋಟ್‌ಬುಕ್ಕುಗಳು ಹಳೇ ಪೇಪರಿನವನ ಪಾಲಾಗಿದ್ದವು. ನನ್ನ ನಂತರ ಬಂದ ಶಿಕ್ಷಕರು ಅದೇ ಕೆಲಸವನ್ನು ಒಂದನೇ ಮೆಟ್ಟಿಲಿನಿಂದ ಕಲಿಯಬೇಕಾಯಿತು.

ಹಾಗಾಗಿ ಬರೆಯುವ ಶಿಕ್ಷಕರಿಗೆ ನಾನು ಹೇಳುವುದಿಷ್ಟು. ಪತ್ರಿಕೆಯ ಒಂದೆರಡು ಸಂಚಿಕೆ ಓದಿ, ಎಷ್ಟು ಪದ ಕೇಳುತ್ತಾರೆ ನೋಡಿ. ಒಂದೇ ಪಾಠ, ಒಂದೇ ತೊಡಕು ಹಿಡಿಯಿರಿ. ಏನು ಮಾಡಿದಿರಿ, ಮಕ್ಕಳು ಏನು ಮಾಡಿದರು, ಯಾವುದು ಕೆಟ್ಟಿತು, ಅದನ್ನು ಬರೆಯಿರಿ. ಕೆಟ್ಟದ್ದನ್ನು ಮುಚ್ಚಿಡಬೇಡಿ, ಓದುವ ಶಿಕ್ಷಕನಿಗೆ ಬೇಕಾದದ್ದು ಅದೇ. ಒಂದೇ ಲೇಖನವನ್ನು ಒಟ್ಟಿಗೆ ಎರಡು ಕಡೆ ಕಳಿಸಬೇಡಿ. ದುಡ್ಡು ಕೊಟ್ಟರೆ ವಾರದಲ್ಲಿ ಅಚ್ಚು ಹಾಕುತ್ತೇವೆ ಎನ್ನುವವರ ಹತ್ತಿರ ಸುಳಿಯಬೇಡಿ. ಸಂಪಾದಕರು ತಿದ್ದಲು ಹೇಳಿದರೆ, ನನ್ನಂತೆ ಮುನಿಸಿಕೊಳ್ಳದೆ ತಿದ್ದಿ ಕಳಿಸಿ.

"ಬರೆಯುತ್ತಾ ಕೂತರೆ ಪಾಠ ಯಾರು ಮಾಡುತ್ತಾರೆ?" ಎಂದು ಕೆಲವು ಪೋಷಕರು ಕೇಳಬಹುದು. ನ್ಯಾಯವಾದ ಪ್ರಶ್ನೆ. ವರ್ಷಕ್ಕೆ ಒಂದು ಲೇಖನಕ್ಕೆ ನಾಲ್ಕು ಭಾನುವಾರ ಸಾಕು. ಬರೆಯಬೇಕು ಎಂದು ನೆನಪಿಟ್ಟ ಶಿಕ್ಷಕ ಸೋಮವಾರದ ತರಗತಿಯಲ್ಲಿ ಯಾವ ಮಗು ಎಲ್ಲಿ ಎಡವಿತು ಎಂದು ಹೆಚ್ಚು ಗಮನಿಸುತ್ತಾನೆ. ಅದರ ಲಾಭ ನಿಮ್ಮ ಮಗುವಿಗೇ. ಇನ್ನು ಮಕ್ಕಳ ತಪ್ಪು ಊರಿಗೆಲ್ಲ ಗೊತ್ತಾಗುತ್ತದೆಂಬ ಅಂಜಿಕೆ ಬೇಡ. ಹೆಸರು ಹಾಕಬಾರದು, ಮಗುವಿನ ಚಿತ್ರವಾಗಲಿ ಬರಹವಾಗಲಿ ನಿಮ್ಮ ಒಪ್ಪಿಗೆಯಿಲ್ಲದೆ ಅಚ್ಚಾಗಬಾರದು. ಇದನ್ನು ನೀವೇ ಕೇಳಿ ಖಚಿತಪಡಿಸಿಕೊಳ್ಳಿ.

ಪೋಷಕರಲ್ಲಿ ನನ್ನ ಕೋರಿಕೆ ಮೂರು. ವರ್ಷದ ಕೊನೆಗೆ ಮಗುವಿನ ಇಂಗ್ಲಿಷ್ ನೋಟ್‌ಬುಕ್ಕನ್ನು ತೂಕಕ್ಕೆ ಹಾಕಬೇಡಿ. ಶಿಕ್ಷಕರಿಗೆ ಬೇಕೇ ಎಂದು ಕೇಳಿ. ಶಾಲಾ ನಿರ್ವಹಣಾ ಸಮಿತಿಯ ಸಭೆಯಲ್ಲಿ ಕುಡಿಯುವ ನೀರು, ಕಾಂಪೌಂಡಿನ ಮಾತಾದ ಮೇಲೆ, "ಮೇಡಂ, ಈ ವರ್ಷ ಇಂಗ್ಲಿಷ್ ಪಾಠದಲ್ಲಿ ಹೊಸದೇನು ಮಾಡಿದಿರಿ? ಬರೆದು ಕಳಿಸಬಾರದೇ?" ಎಂದು ಒಬ್ಬರಾದರೂ ಕೇಳಿ. ಲೇಖನ ಅಚ್ಚಾದರೆ ಅದರ ಪ್ರತಿಯನ್ನು ದಾಖಲಾತಿ ಮೇಜಿನ ಮೇಲೆ ಇಡಿಸಿ. ಮುಂದಿನ ಜೂನ್‌ನಲ್ಲಿ ಒಬ್ಬ ತಂದೆಯೋ ತಾಯಿಯೋ ಬಂದು ಅದೇ ಪ್ರಶ್ನೆ ಕೇಳಿದಾಗ, ಮುಖ್ಯೋಪಾಧ್ಯಾಯರ ಕೈಯಲ್ಲಿ ತೋರಿಸಲು ಏನಾದರೂ ಇರಲಿ.